ಹದಿನಾರರ ಮಗ್ಗಿ ಮತ್ತು ಇಂಗ್ಲೆಂಡಿನ ಹಡಗು

ಮೊನ್ನೆ ನನ್ನ ಮೊಮ್ಮಗಳು ಶಾಲೆಯಿಂದ ಪ್ರಗತಿ ಪತ್ರ ತಂದಳು. ಪತ್ರ ಅಂದರೆ ದಪ್ಪ ರಟ್ಟು, ನಾಲ್ಕು ಬಣ್ಣ, ಮದುವೆ ಕಾಗದವನ್ನೂ ನಾಚಿಸುವಂಥದ್ದು. ಕನ್ನಡಕ ಹಾಕಿಕೊಂಡು ಹುಡುಕಿದೆ, ಎಲ್ಲಿಯೂ ಒಂದು ಅಂಕಿ ಇಲ್ಲ. ಗಣಿತದ ಮುಂದೆ ಒಂದು ನಗುವ ಮುಖ. ಕನ್ನಡದ ಮುಂದೆ ಸ್ವಲ್ಪ ಕಡಿಮೆ ನಗುವ ಮುಖ. 'ಹಂಚಿಕೊಂಡು ತಿನ್ನುವ ಗುಣ' ಅಂತ ಒಂದು ಸಬ್ಜೆಕ್ಟು, ಅದಕ್ಕೆ ಮೂರು ನಕ್ಷತ್ರ. ಚಕ್ಕುಲಿ ಡಬ್ಬ ತಬ್ಬಿಕೊಂಡು ಮಲಗುವ ಹುಡುಗಿ ಇವಳು. ಮೂರು ನಕ್ಷತ್ರ ಕೊಟ್ಟ ಟೀಚರಮ್ಮ ಒಂದು ಸಲ ನಮ್ಮ ಮನೆಗೆ ಬಂದು ಆ ಡಬ್ಬಕ್ಕೆ ಕೈ ಹಾಕಿ ನೋಡಬೇಕು.

"ಪಾಸೋ ಫೇಲೋ ಎಲ್ಲಿ ಬರೆದಿದ್ದಾರೆ?" ಅಂತ ಸೊಸೆಯನ್ನು ಕೇಳಿದೆ.

"ಅಯ್ಯೋ ಅತ್ತೆ, ಇದು ಫಿನ್‌ಲೆಂಡ್ ದೇಶದ ಪದ್ಧತಿ. ಯಾರನ್ನೂ ಫೇಲ್ ಮಾಡೋದೇ ಇಲ್ಲ. ಫೇಲಾಗ್ಲಿಕ್ಕೆ ಯಾವ ಮಗುವಿಗೆ ತಾನೆ ಇಷ್ಟ ಹೇಳಿ?"

ನಾನು ಸುಮ್ಮನಾದೆ. ನಾನು ಸುಮ್ಮನಾದರೆ ನಮ್ಮ ಮನೆಯಲ್ಲಿ ಬಿಪಿ ನೋಡುತ್ತಾರೆ. ನೋಡಿದರು, ಸರಿಯಾಗಿಯೇ ಇತ್ತು. ವಿಷಯ ಬಿಪಿಯದ್ದಲ್ಲ ಮಾರಾಯ್ರೇ. ಫೇಲಾಗಬೇಕು, ಹೇಗಾದರೂ ಮಾಡಿ ಫೇಲಾಗಲೇಬೇಕು ಅಂತ ದೇವರಿಗೆ ಕೈ ಮುಗಿದ ಒಂದು ಮಗುವನ್ನು ನಾನು ಬಲ್ಲೆ. ಅವಳ ಜೊತೆ ಕೂತು ನಾನೂ ಕೈ ಮುಗಿದಿದ್ದೆ. ಇದನ್ನು ಸೊಸೆಗೆ ಹೇಳಿದರೆ ಅವಳು ಡಾಕ್ಟರಿಗೆ ಫೋನು ಮಾಡುತ್ತಾಳೆ. ಅದಕ್ಕೇ ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ಕೊಡಗೇ ಒಂದು ರಾಜ್ಯವಾಗಿದ್ದ ಕಾಲ ಅದು. ನಗಬೇಡಿ. ನಮಗೆ ನಮ್ಮದೇ ಸರ್ಕಾರ, ನಮ್ಮದೇ ವಿಧಾನಸಭೆ. ಮಂತ್ರಿಗಳು ಇಬ್ಬರೇ. ಒಬ್ಬರಿಗೆ ಜ್ವರ ಬಂದರೆ ಅರ್ಧ ಸರ್ಕಾರ ಮಲಗಿತು ಅಂತ ಅರ್ಥ. ಶಿರಂಗಾಲದ ಹತ್ತಿರ ಹೊಳೆ ದಾಟಿದರೆ ಮೈಸೂರು ರಾಜ್ಯ, ನಮ್ಮ ಪಾಲಿಗೆ ಅದು ಪರದೇಶ. ನಮ್ಮ ಅಪ್ಪ ಒಮ್ಮೆ ಎತ್ತು ಕೊಳ್ಳಲು ಆ ಕಡೆ ಹೋಗಿ ಎರಡು ದಿನ ಇದ್ದು ಬಂದವರು, ಆಮೇಲೆ ಒಂದು ವರ್ಷ "ಅಲ್ಲಿಯ ಜನ" ಅಂತಲೇ ಮಾತು ಶುರು ಮಾಡುತ್ತಿದ್ದರು. ಅಲ್ಲಿಯ ಜನ ಕಾಫಿಗೆ ಬೆಲ್ಲ ಹಾಕುವುದಿಲ್ಲ ಎನ್ನುವುದು ಅವರು ತಂದ ದೊಡ್ಡ ಸುದ್ದಿ. ಎತ್ತು ತಂದಿರಲಿಲ್ಲ.

ಅಪ್ಪ ಪಾಲಿಬೆಟ್ಟದ ಕಡೆ ಒಂದು ದೊಡ್ಡ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ರೈಟರ್ ಅಂದರೆ ಕತೆ ಕಾದಂಬರಿ ಬರೆಯುವವರಲ್ಲ, ಆಳುಗಳ ಹಾಜರಿ ಬರೆಯುವವರು. ಎಸ್ಟೇಟಿನ ದೊರೆ ಇಂಗ್ಲಿಷಿನವರು. ತಮ್ಮವರ ಸರ್ಕಾರ ಇದ್ದಾಗ ಅವರು ಯಾವ ಕಾನೂನನ್ನೂ ಅಷ್ಟು ತಲೆಗೆ ಹಚ್ಚಿಕೊಂಡಿರಲಿಲ್ಲವಂತೆ. ನಮ್ಮ ಸರ್ಕಾರ ಬಂದದ್ದೇ ತಡ, "ಈಗ ನಾವು ಇಲ್ಲಿ ನೆಂಟರು" ಅಂತ ಹೇಳಿ ಇದ್ದಬದ್ದ ಕಾನೂನನ್ನೆಲ್ಲ ಪಾಲಿಸತೊಡಗಿದರು. ಇಡೀ ಸೀಮೆಯಲ್ಲಿ ನಾಯಿಗೆ ಲೈಸೆನ್ಸು ಕೇಳಿಕೊಂಡು ಆಫೀಸಿಗೆ ಹೋದವರು ಅವರೊಬ್ಬರೇ. ಆಫೀಸಿನವರು ಎಲ್ಲಾ ಕಪಾಟು ಹುಡುಕಿ, ಅಂಥ ಫಾರಂ ಸಿಗದೆ, ಕೊನೆಗೆ ಎತ್ತಿನ ಗಾಡಿಯ ಲೈಸೆನ್ಸು ಕೊಟ್ಟು ಕಳಿಸಿದರು. ನಾಯಿ ಸಾಯುವವರೆಗೂ ಅದು ಬಂಗಲೆಯ ಗೋಡೆಯ ಮೇಲಿತ್ತು.

ಈ ದೊರೆಯ ಒಬ್ಬಳೇ ಮಗಳು ಸೂಸನ್. ಹುಟ್ಟಿದ್ದು ಎಸ್ಟೇಟಿನಲ್ಲೇ. ನಮ್ಮ ಅಜ್ಜಿ ಬಂಗಲೆಯಲ್ಲಿ ಆಯಾ ಆಗಿದ್ದುದರಿಂದ ಅವಳು ಬೆಳೆದದ್ದು ಅಜ್ಜಿಯ ಸೊಂಟದ ಮೇಲೆ. ಹಾಗಾಗಿ ಅವಳ ಬಾಯಲ್ಲಿ ಮೊದಲು ಬಂದದ್ದು ನಮ್ಮ ಗೌಡರ ಮನೆಮಾತು ಅರೆಭಾಷೆ, ಇಂಗ್ಲಿಷು ಆಮೇಲೆ. ಆರು ವರ್ಷ ತುಂಬಿದಾಗ ಅವಳನ್ನು ಹಡಗು ಹತ್ತಿಸಿ ಇಂಗ್ಲೆಂಡಿನ ಒಂದು ಬೋರ್ಡಿಂಗ್ ಶಾಲೆಗೆ ಹಾಕಿದರು. ಒಂಬತ್ತನೆಯ ವರ್ಷದಲ್ಲಿ ಅಲ್ಲಿಯ ಚಳಿಗೆ ಎದೆಯಲ್ಲಿ ಕಫ ಕಟ್ಟಿ, ಒಂದು ವರ್ಷ ಬೆಚ್ಚಗಿನ ಜಾಗದಲ್ಲಿರಲಿ ಅಂತ ಡಾಕ್ಟರು ವಾಪಸು ಕಳಿಸಿದರು. ಊಟಿಯಲ್ಲಿ ಅವರ ಮಕ್ಕಳ ಶಾಲೆ ಇತ್ತು, ಆದರೆ ಅಲ್ಲಿಯೂ ಚಳಿ. ಉಳಿದದ್ದು ನಾವು.

ಹಾಗೆ ಸುಮ್ಮನೆ ಆಡಿಕೊಂಡಿರಲು ಬಿಡುತ್ತಾರೆಯೇ? ಇಂಗ್ಲೆಂಡಿನ ಶಾಲೆಯಿಂದ ಕಾಗದ ಬಂತು. ಹುಡುಗಿ ಎಲ್ಲಿದ್ದಾಳೋ ಅಲ್ಲಿಯ ಶಾಲೆಗೆ ಹೋಗಿ ಆ ವರ್ಷದ ಪರೀಕ್ಷೆ ಪಾಸಾದ ಸರ್ಟಿಫಿಕೇಟು ತಂದರೆ ಅವಳ ಜಾಗ ಅವಳಿಗೇ, ತರದಿದ್ದರೆ ಆ ಜಾಗ ಬೇರೆ ಮಗುವಿಗೆ. ಕಾಗದ ಬರೆದ ಪುಣ್ಯಾತ್ಮರು ಯಾವ ಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೋ ಕಾಣೆ. ನಮ್ಮದನ್ನಂತೂ ಅಲ್ಲ.

ನಮ್ಮದು ಒಂದೇ ಕೋಣೆ. ನಾಲ್ಕು ಮೂಲೆಗೆ ನಾಲ್ಕು ಕ್ಲಾಸು, ನಡುವೆ ಒಬ್ಬರೇ ಮೇಷ್ಟ್ರು. ಕೊಡವರ ಮಕ್ಕಳು, ಮಾಪಿಳ್ಳೆ ಮಕ್ಕಳು, ಎಸ್ಟೇಟಿನ ಆಳುಗಳ ಲೈನು ಮನೆಯ ತಮಿಳು ಮಕ್ಕಳು, ನಾವು ಗೌಡರ ಮಕ್ಕಳು, ಎಲ್ಲರೂ ಮನೆಯಲ್ಲಿ ಒಂದೊಂದು ಭಾಷೆ ಆಡಿ ಶಾಲೆಗೆ ಬಂದು ಕನ್ನಡದಲ್ಲಿ ಕಿರಿಚುತ್ತಿದ್ದೆವು. ಕಿರಿಚುವುದು ಅಂದರೆ ಬೈಗುಳ ಅಲ್ಲ, ಅದೇ ನಮ್ಮ ಪದ್ಧತಿ. ಒಂದು ಮೂಲೆಯಲ್ಲಿ ಕಾಗುಣಿತ, ಇನ್ನೊಂದರಲ್ಲಿ ಮಗ್ಗಿ, ಮತ್ತೊಂದರಲ್ಲಿ ನದಿಗಳ ಹೆಸರು, ಎಲ್ಲವೂ ಒಟ್ಟಿಗೆ. ಪಾಠ ಗೊತ್ತಿದ್ದವರು ಗಟ್ಟಿಯಾಗಿ ಹೇಳುತ್ತಿದ್ದರು, ಗೊತ್ತಿಲ್ಲದವರು ಇನ್ನೂ ಗಟ್ಟಿಯಾಗಿ. ಪಕ್ಕದ ತೋಟದಲ್ಲಿ ಕಾಫಿ ಪಿಕ್ಕಿಂಗಿಗೆ ಬಂದ ಹೆಂಗಸರಿಗೂ ಅರ್ಧ ಸಿಲಬಸ್ ಬಾಯಿಗೆ ಬರುತ್ತಿತ್ತು.

ಮೇಷ್ಟ್ರು ಗುರುಬಸಪ್ಪನವರು ಸೋಮವಾರಪೇಟೆಯ ಕಡೆಯವರು. ಸಣಕಲು ಮೈ, ದೊಡ್ಡ ಮೀಸೆ, ಬಿಳಿ ಟೋಪಿ. ಮಹಾ ಪ್ರಾಮಾಣಿಕರು. ತಮ್ಮ ಸ್ವಂತ ತಂಗಿಯ ಮಗನನ್ನೇ ಎರಡು ವರ್ಷ ಒಂದೇ ಕ್ಲಾಸಿನಲ್ಲಿ ಕೂರಿಸಿದ್ದರು ಅಂತ ಹೆಸರು. ಮೂರನೇ ಕ್ಲಾಸಿನಿಂದ ನಾಲ್ಕಕ್ಕೆ ಹೋಗಲು ಅವರದ್ದೊಂದೇ ಬಾಗಿಲು. "ಹದಿನಾರರ ಮಗ್ಗಿ ಎದ್ದು ನಿಂತು ಹೇಳ್ಬೇಕು ಕಣ್ರೋ. ಬಂದ್ರೆ ಆ ಮೂಲೆ, ಬರದಿದ್ರೆ ಈ ಮೂಲೆ." ಉಳಿದ ಪರೀಕ್ಷೆಗಳೂ ಇದ್ದವು, ಆದರೆ ಅವು ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ.

ದೊರೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಮಗಳನ್ನು ಸೇರಿಸಲು ಬಂದರು. ಮೇಷ್ಟ್ರು ಹೆಸರು ಕೇಳಿ, ಸ್ವಲ್ಪ ಯೋಚನೆ ಮಾಡಿ, ರಿಜಿಸ್ಟರಿನಲ್ಲಿ 'ಸುಶೀಲ' ಅಂತ ಬರೆದುಕೊಂಡರು. ಜಾತಿ ಎನ್ನುವ ಕಾಲಮ್ಮಿನಲ್ಲಿ 'ದೊರೆ' ಅಂತ ಬರೆದರು. ದೊರೆ ಅದರ ಕೆಳಗೆ ನೀಟಾಗಿ ಸೈನು ಮಾಡಿದರು.

ಸೂಸನ್‌ಳನ್ನು ಮೂರನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರಿಸಿದರು. ಮೊದಲ ದಿನ ಅವಳು ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಳು. ಮೂರನೆಯ ದಿನ ಒಂದು ಕಿವಿ ಬಿಟ್ಟಳು. ವಾರ ಕಳೆಯುವಷ್ಟರಲ್ಲಿ ಇಡೀ ಶಾಲೆಯಲ್ಲಿ ಅವಳದ್ದೇ ದೊಡ್ಡ ಗಂಟಲು. ಕಫ ಎಲ್ಲ ಹಾರಿಹೋಯಿತು. ಇದನ್ನು ಯಾವ ಡಾಕ್ಟರಾದರೂ ಬರೆದಿಟ್ಟುಕೊಳ್ಳಬೇಕಿತ್ತು.

ಶಾಲೆಗೆ ಒಂದು ಮೈಲಿ ದಾರಿ. ದಾರಿಯುದ್ದಕ್ಕೂ ನಾವು ಎರಡು ದೇಶಗಳ ವಿದ್ಯಾಭ್ಯಾಸದ ಬಗ್ಗೆ ಚರ್ಚೆ ಮಾಡುತ್ತಿದ್ದೆವು. ಈಗಿನವರು ಇದಕ್ಕೆ ಸೆಮಿನಾರು ಅಂತ ಹೆಸರಿಟ್ಟು ಊಟ ಹಾಕಿಸುತ್ತಾರೆ. ಅವಳ ಶಾಲೆಯಲ್ಲಿ ಇಬ್ಬಿಬ್ಬರಾಗಿ ಸಾಲು ಹಿಡಿದು ನಡೆಯಬೇಕಂತೆ. ಬೆಳಗ್ಗೆ ತಣ್ಣೀರಿನ ಸ್ನಾನವಂತೆ. ಊಟದ ಹೊತ್ತಿಗೆ ಬಾಯಿ ಬಿಡಬಾರದಂತೆ. ನಾನು "ಬಾಯಿ ಬಿಡದೆ ಉಣ್ಣುವುದು ಹೇಗೆ?" ಅಂತ ಕೇಳಿದೆ. ಮಾತಿಗೆ ಮಾತ್ರ ಬಿಡಬಾರದು ಅಂದಳು. ಅಳಬಾರದಂತೆ, ಅತ್ತರೆ ಬೇರೆ ಮಕ್ಕಳಿಗೆ ತೊಂದರೆಯಂತೆ. ನಮ್ಮ ಶಾಲೆಯಲ್ಲಿ ಒಬ್ಬಳು ಅತ್ತರೆ ಇಡೀ ಬೆಂಚು ಸೇರಿಕೊಂಡು ಅಳುತ್ತಿತ್ತು, ಯಾಕೆ ಅಂತ ಆಮೇಲೆ ವಿಚಾರಿಸುತ್ತಿದ್ದೆವು. ಆ ವಿಷಯದಲ್ಲಿ ನಮ್ಮದೇ ಮುಂದುವರಿದ ಪದ್ಧತಿ ಅಂತ ನಾವಿಬ್ಬರೂ ಒಪ್ಪಿಕೊಂಡೆವು.

ಆದರೆ ಅಲ್ಲಿಯ ಟೀಚರುಗಳಿಗೆ ಒಂದು ವಿಚಿತ್ರ ಚಟ. 'ನಿನಗೆ ಏನನ್ನಿಸುತ್ತದೆ?' ಅಂತ ಕೇಳುತ್ತಾರಂತೆ. ಏನನ್ನಿಸುತ್ತದೆ ಅಂದರೆ? ಒಂಬತ್ತು ವರ್ಷದ ನನಗೆ ಅಲ್ಲಿಯವರೆಗೆ ಹಸಿವು ಬಿಟ್ಟರೆ ಬೇರೆ ಏನೂ ಅನ್ನಿಸಿರಲಿಲ್ಲ. ಅನ್ನಿಸಿದ್ದರೂ ಯಾರೂ ಕೇಳಿರಲಿಲ್ಲ.

ಈ ಚಟ ಸೂಸನ್‌ಗೂ ಅಂಟಿತ್ತು. ಮೇಷ್ಟ್ರು ಹಸುವಿನ ಮೇಲೆ ಪ್ರಬಂಧ ಬರೆಯಲು ಹೇಳಿದರು. ನಮ್ಮ ಶಾಲೆಯಲ್ಲಿ ಹಸು ಅಂದರೆ ಒಂದೇ ಹಸು. 'ಹಸು ಸಾಧು ಪ್ರಾಣಿ. ಅದಕ್ಕೆ ನಾಲ್ಕು ಕಾಲು, ಎರಡು ಕೊಂಬು, ಒಂದು ಬಾಲ. ಅದು ನಮಗೆ ಹಾಲು ಕೊಡುತ್ತದೆ.' ನಮ್ಮ ಅಪ್ಪಂದಿರೂ ಇದೇ ಹಸುವನ್ನು ಬರೆದಿದ್ದರು. ಸೂಸನ್ ಮಾತ್ರ ಬಂಗಲೆಯ ಕೆಂಪಿಯ ಬಗ್ಗೆ ಬರೆದಳು. 'ಕೆಂಪಿ ಕುಂಟುತ್ತದೆ, ಆದ್ದರಿಂದ ಅದಕ್ಕೆ ಮೂರೂವರೆ ಕಾಲು. ಅದು ಸಾಧು ಅಲ್ಲ, ಕಳ್ಳಿ. ಅದು ಹಾಲು ಕೊಡುವುದಿಲ್ಲ, ನಮ್ಮ ಅಪ್ಪನ ಟೋಪಿ ತಿಂದಿದೆ.'

ಮೇಷ್ಟ್ರು ಓದಿದರು. ಮೀಸೆಯೊಳಗೆ ನಕ್ಕರು, ಅದನ್ನು ನಾನು ನೋಡಿದೆ. ಆಮೇಲೆ ಮುಖ ಗಂಟು ಹಾಕಿಕೊಂಡು, "ಸುಶೀಲವ್ವಾ, ನೀ ಬರ್ದಿರೋದು ನಿಜ ಇರಬಹುದು. ಆದ್ರೆ ಈ ಹಸು ನಮ್ಮ ಪುಸ್ತಕದಾಗೆ ಇಲ್ಲವಲ್ಲ. ನಾನು ಹೆಂಗೆ ಮಾರ್ಕು ಕೊಡ್ಲಿ?" ಅಂದರು. ಸೊನ್ನೆ ಹಾಕಿದರು. ಸಾಯಂಕಾಲ ಶಾಲೆ ಬಿಟ್ಟ ಮೇಲೆ ಒಬ್ಬರೇ ಬಂಗಲೆಯ ಕಡೆ ಹೋಗಿ ಬೇಲಿಯ ಹೊರಗೆ ನಿಂತು ಕೆಂಪಿಯನ್ನು ನೋಡಿ ಬಂದರಂತೆ. ಅಜ್ಜಿ ಕಂಡು ಹೇಳಿದ್ದು.

ಇತ್ತ ನನಗೂ ಪರದೇಶದ ವಿದ್ಯೆ ಸ್ವಲ್ಪ ಸಿಕ್ಕಿತು. ಶನಿವಾರ ಶನಿವಾರ ದೊರೆಸಾನಿ ನಮ್ಮಿಬ್ಬರನ್ನೂ ಬಂಗಲೆಯ ಕೆರೆಯ ಹತ್ತಿರ ಕೂರಿಸಿ ಕಪ್ಪೆ ನೋಡಿ ಅನ್ನುತ್ತಿದ್ದರು. ಅರ್ಧ ಗಂಟೆ ನಾವು ಕಪ್ಪೆಯನ್ನು ನೋಡುತ್ತಿದ್ದೆವು, ಕಪ್ಪೆ ನಮ್ಮನ್ನು ನೋಡುತ್ತಿತ್ತು. ಮನೆಗೆ ಹೋದರೆ ಅಪ್ಪ ಆಸೆಯಿಂದ ಕೇಳುವರು, "ಇಂದ್ ಎಂತ ಕಲ್ತೆ?" ಕಪ್ಪೆ ನೋಡಿದೆ ಅನ್ನುವೆ. "ನೋಡಿ?" ಸುಮ್ಮನೆ ನೋಡಿದೆ. ಅಪ್ಪನಿಗೆ ಸಿಟ್ಟು ಬಂತು. "ಕಪ್ಪೆ ನೋಡಿಕೆ ಬಂಗ್ಲೆಗೆ ಹೋಕಾ? ನಮ್ಮ ಬಾವಿಲಿ ಬೇಕಾದಷ್ಟು ಉಟ್ಟಲ್ಲ!" ಅಂದರು. ನಮ್ಮ ಅರೆಭಾಷೆಯಲ್ಲಿ 'ಉಟ್ಟು' ಅಂದರೆ ಇದೆ. ಆದರೂ ದೊರೆಯ ಮನೆಯ ಕಪ್ಪೆಯಲ್ಲಿ ಏನೋ ವಿಶೇಷ ಇರಲೇಬೇಕು ಅಂತ ಮರುದಿನ ಬೆಳಗ್ಗೆ ಅಪ್ಪನೇ ಬಾವಿಕಟ್ಟೆಯ ಮೇಲೆ ಬಗ್ಗಿ ನಿಂತಿದ್ದರು.

ಹೀಗೆ ವರ್ಷ ಕಳೆಯಿತು. ಸೂಸನ್ ನಮ್ಮವರಲ್ಲಿ ಒಬ್ಬಳಾಗಿಬಿಟ್ಟಿದ್ದಳು. ಸ್ಲೇಟಿಗೆ ಉಗುಳಿ ಒರೆಸುವುದರಿಂದ ಹಿಡಿದು ಎಲ್ಲ ಬಂದಿತ್ತು. ಮಧ್ಯಾಹ್ನ ನನ್ನ ಬುತ್ತಿಯ ಅಕ್ಕಿರೊಟ್ಟಿ ಅವಳು ತಿನ್ನುವಳು, ಅವಳ ಡಬ್ಬದ ಸಪ್ಪೆ ಬ್ರೆಡ್ಡು ನಾನು ತಿನ್ನುವೆ. ಇದು ನಮ್ಮ ನಡುವಿನ ವಿದೇಶಾಂಗ ವ್ಯವಹಾರ. ನನಗೆ ಅಕ್ಕ ತಂಗಿ ಯಾರೂ ಇರಲಿಲ್ಲ. ಅವಳಿಗೂ ಇರಲಿಲ್ಲ. ಅವಳ ಕೈ ಹಿಡಿದುಕೊಂಡು ತೋಟದ ದಾರಿಯಲ್ಲಿ ಬರುವಾಗ ನನಗೆ ಎಷ್ಟು ಸಂತೋಷ ಆಗುತ್ತಿತ್ತು ಅಂದರೆ, ಮನೆ ಬೇಗ ಬಂತಲ್ಲ ಅಂತ ಬೇಜಾರಾಗುತ್ತಿತ್ತು.

ಪರೀಕ್ಷೆಗೆ ಒಂದು ತಿಂಗಳಿದೆ ಅನ್ನುವಾಗ ಸೂಸನ್ ದಾರಿಯಲ್ಲಿ ನಿಂತು ಕೇಳಿದಳು. "ದೇವಕಿ, ಫೇಲಾದರೆ ಎಂತ?"

"ಎಂತ ಇಲ್ಲೆ. ಇನ್ನೊಂದು ವರ್ಷ ಇಲ್ಲೇ ಕೂರುದು."

"ಇಲ್ಲೇ? ಇದೇ ಬೆಂಚಲ್ಲಿ?"

"ಇದೇ ಬೆಂಚಲ್ಲಿ."

ಅವಳ ಮುಖ ಅರಳಿತು. ಅವಳ ಶಾಲೆಯಲ್ಲಿ ಫೇಲ್ ಎಂಬುದೇ ಇರಲಿಲ್ಲವಂತೆ. ದಡ್ಡರನ್ನೂ ಜಾಣರನ್ನೂ ವಯಸ್ಸಿನ ಪ್ರಕಾರ ಒಟ್ಟಿಗೇ ಮುಂದೆ ದಬ್ಬುತ್ತಿದ್ದರಂತೆ. ಓದದವರನ್ನು ಒಂದು ವರ್ಷ ಅಲ್ಲಿಯೇ ಇಟ್ಟುಕೊಳ್ಳುವ ಇಂಥ ದಯಾಳು ಪದ್ಧತಿ ಭೂಮಿಯ ಮೇಲೆ ಇದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಫೇಲಾದರೆ ಸರ್ಟಿಫಿಕೇಟು ಇಲ್ಲ. ಸರ್ಟಿಫಿಕೇಟು ಇಲ್ಲದಿದ್ದರೆ ಆ ಶಾಲೆಯ ಜಾಗ ಹೋಯಿತು, ಹಡಗು ಹೋಯಿತು. ಅವಳು ಇಲ್ಲೇ, ಅಪ್ಪ ಅಮ್ಮನ ಹತ್ತಿರ, ನಮ್ಮ ಅಜ್ಜಿಯ ಹತ್ತಿರ, ನನ್ನ ಹತ್ತಿರ.

"ನನಗೆ ಅಲ್ಲಿಗೆ ಹೋಗಿಕೆ ಬೇಡ" ಅಂತ ಹೇಳಿ ಅಳತೊಡಗಿದಳು. ಅಲ್ಲಿ ಅಳಲು ಬಿಡುವುದಿಲ್ಲವಲ್ಲ, ಮೂರು ವರ್ಷದ ಅಳು ಹಾಗೇ ಉಳಿದಿತ್ತೋ ಏನೋ, ನಿಲ್ಲಲೇ ಇಲ್ಲ. ನಮ್ಮ ಶಾಲೆಯ ಪದ್ಧತಿಯಂತೆ ನಾನೂ ಅತ್ತೆ. ಆಮೇಲೆ ಇಬ್ಬರೂ ಅಲ್ಲೇ ಕೂತು, ಹೇಗಾದರೂ ಫೇಲು ಮಾಡಮ್ಮ ಅಂತ ಕಾವೇರಮ್ಮನಿಗೆ ಕೈ ಮುಗಿದೆವು, ಅವಳು ಫೇಲಾಗುವ ವಿಷಯ ಯಾರಿಗೂ ಹೇಳುವುದಿಲ್ಲ ಅಂತ ನಾನು ಕಾವೇರಮ್ಮನ ಆಣೆ ಇಟ್ಟೆ.

ತೊಂದರೆ ಒಂದೇ. ಅವಳಿಗೆ ಹದಿನಾರರ ಮಗ್ಗಿ ನೀರು ಕುಡಿದಷ್ಟು ಸಲೀಸಾಗಿ ಬರುತ್ತಿತ್ತು. ಕಲಿಸಿದ ಪಾಪಿ ನಾನೇ. ಕಾಫಿ ಒಣಗಿಸುವ ಕಣದಲ್ಲಿ ಅವಳನ್ನು ಕೂರಿಸಿ, ಕೈಯಲ್ಲಿ ಕೋಲು ಹಿಡಿದು, ಮೇಷ್ಟ್ರ ಹಾಗೆ ಮೀಸೆ ತಿರುವುತ್ತಾ ತಿಂಗಳುಗಟ್ಟಲೆ ಕಲಿಸಿದ್ದೆ. ದೊರೆ ಮಗಳಿಗೆ ಪಾಠ ಹೇಳುವವಳು ನಾನು ಅಂತ ಇಡೀ ಪಾಲಿಬೆಟ್ಟಕ್ಕೆ ಸಾರಿಕೊಂಡು ಬಂದಿದ್ದೆ. ಮಕ್ಕಳು ನನ್ನನ್ನು 'ಟೀಚರಮ್ಮ' ಅಂತ ರೇಗಿಸುತ್ತಿದ್ದರು, ನನಗೆ ಅದು ರೇಗಿಸಿದ್ದು ಅಂತ ಗೊತ್ತೇ ಆಗುತ್ತಿರಲಿಲ್ಲ. ಈಗ ಅದೇ ಕಣದಲ್ಲಿ ಕೂತು ಮರೆಯುವ ಪಾಠ ಶುರುವಾಯಿತು.

"ಹದಿನಾರೇಳ್ಲ?" ಅನ್ನುವೆ.

"ನೂರ ಹನ್ನೆರಡು" ಅಂದುಬಿಟ್ಟು ನಾಲಿಗೆ ಕಚ್ಚಿಕೊಳ್ಳುವಳು.

"ನೂರ ಹದಿಮೂರು ಅನ್ನು."

"ನೂರ ಹ... ಹ... ಹನ್ನೆರಡು!"

ಎಷ್ಟು ತಿದ್ದಿದರೂ ಸರಿಯಾದದ್ದೇ ಬಾಯಿಗೆ ಬರುವುದು. ಕಲಿಸುವುದಕ್ಕಿಂತ ಮರೆಸುವುದು ಕಷ್ಟ ಅಂತ ನನಗೆ ಆಗಲೇ ಗೊತ್ತಾಯಿತು. ವಾರವಿಡೀ ತಪ್ಪು ಹೇಳಿಸಿ ಹೇಳಿಸಿ ಕೊನೆಗೆ ನನಗೇ ಹದಿನಾರೇಳ್ಲ ಎಷ್ಟು ಅಂತ ಅನುಮಾನ ಬರತೊಡಗಿತು. ಹೀಗೇ ಬಿಟ್ಟರೆ ಅವಳು ಪಾಸಾಗಿ ನಾನು ಫೇಲಾಗುತ್ತೇನೆ ಅಂತ ಭಯವಾಯಿತು. ಆಗ ಸೂಸನ್‌ಗೇ ಒಂದು ಉಪಾಯ ಹೊಳೆಯಿತು. ಬಾಯಿಯೇ ಬಿಡದಿದ್ದರೆ ಆಯಿತಲ್ಲ! ಸುಮ್ಮನಿರುವ ವಿದ್ಯೆಯನ್ನು ಇಂಗ್ಲೆಂಡಿನಲ್ಲಿ ಮೂರು ವರ್ಷ ಕಲಿಸಿದ್ದರು. ಅದರಲ್ಲಿ ಅವಳು ಪಂಡಿತಳು.

ಪರೀಕ್ಷೆಯ ದಿನ ಬಂತು. ಆ ದಿನ ತಂದೆ ತಾಯಿಯರು ಬಂದು ನೋಡಬಹುದು ಅಂತ ಒಂದು ವಾಡಿಕೆ ಇತ್ತು, ಸಾಮಾನ್ಯವಾಗಿ ಯಾರೂ ಬರುತ್ತಿರಲಿಲ್ಲ. ಆ ಸಲ ದೊರೆ, ದೊರೆಸಾನಿ ಬರುತ್ತಾರೆ ಅಂತ ಗೊತ್ತಾಗಿ ಊರಿಗೆ ಊರೇ ಬಂತು. ಬಂಗಲೆಯಿಂದ ಎರಡು ಕುರ್ಚಿ ಬಂದವು. ದೊರೆ ಮೇಷ್ಟ್ರಿಗೆ ಕುರ್ಚಿ ಇಲ್ಲದ್ದನ್ನು ನೋಡಿ ತಾವೂ ನಿಂತರು. ದೊರೆ ನಿಂತದ್ದನ್ನು ನೋಡಿ ಅಪ್ಪ ಬಾಗಿಲಿನಾಚೆ ಹೋಗಿ ನಿಂತರು. ಕೊನೆಗೆ ಎರಡೂ ಕುರ್ಚಿಯ ಮೇಲೆ ಒಂದನೇ ಕ್ಲಾಸಿನ ಮಕ್ಕಳು ಹತ್ತಿ ಕೂತವು.

ನನ್ನ ಸರದಿ ಮೊದಲು ಬಂತು. ಹದಿನಾರೇಳ್ಲದ ಹತ್ತಿರ ನೂರ ಹದಿಮೂರು ನಾಲಿಗೆಯ ತುದಿಗೆ ಬಂದಿತ್ತು, ಹೇಗೋ ದಾಟಿದೆ. ಪಾಸು. ಆಮೇಲೆ ಸೂಸನ್ ಎದ್ದು ನಿಂತಳು.

"ಹೇಳವ್ವಾ ಸುಶೀಲ" ಅಂದರು ಮೇಷ್ಟ್ರು.

ಸೂಸನ್ ತುಟಿ ಬಿಗಿದುಕೊಂಡಳು.

"ಹೆದ್ರಬ್ಯಾಡ ಕಣವ್ವಾ. ಹದಿನಾರೊಂದ್ಲ?"

ಇಲ್ಲ. ಇಡೀ ವರ್ಷ ಒಂದು ಕ್ಷಣವೂ ಸುಮ್ಮನಿರದ ಆ ಕೋಣೆಯಲ್ಲಿ ಆಗ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದ್ದು ಕೇಳಿಸಿತು. ಮೇಷ್ಟ್ರು ಮೂರು ಸಲ ಕೇಳಿದರು. ಅವರ ಹಣೆಯ ಮೇಲೆ ಬೆವರು. ಅವರಿಗೆ ಎಷ್ಟು ಸಂಕಟ ಆಗುತ್ತಿತ್ತು ಅಂತ ಈಗ ನನಗೆ ಗೊತ್ತಾಗುತ್ತದೆ, ಮೂವತ್ತು ವರ್ಷ ನಾನೂ ಅದೇ ಕೆಲಸ ಮಾಡಿದೆನಲ್ಲ. ಕೊನೆಗೆ ದೊರೆಯ ಕಡೆ ತಿರುಗಿ ಕೈ ಜೋಡಿಸಿದರು. "ದೊರೆಗಳು ತಪ್ಪು ತಿಳೀಬಾರದು. ಮಗ್ಗಿ ಬರದೆ ನಾನು ಪಾಸು ಮಾಡಂಗಿಲ್ಲ."

ದೊರೆಸಾನಿ ಕರ್ಚೀಫು ಹುಡುಕತೊಡಗಿದರು. ದೊರೆಯ ಮುಖ ಕೆಂಪಾಯಿತು. ಆದರೂ ಮನುಷ್ಯ ಬಿಡಲಿಲ್ಲ. "ಸರಿ ಮೇಷ್ಟ್ರೇ. ರೂಲು ಅಂದ್ರೆ ರೂಲು. ಇನ್ನೊಂದು ವರ್ಷ ಇಲ್ಲೇ ಓದ್ಲಿ" ಅಂದರು.

ಆಯಿತಲ್ಲ! ಗೆದ್ದೆವು. ಸೂಸನ್ ಕಣ್ಣಂಚಿನಲ್ಲಿ ನನ್ನನ್ನು ನೋಡಿದಳು. ಹಡಗು ಹೋಯಿತು. ನಾನು ಸುಮ್ಮನೆ ಕೂತಿದ್ದರೆ ಸಾಕಿತ್ತು. ಸುಮ್ಮನೆ ಕೂರುವುದನ್ನು ನನಗೆ ಯಾರು ಕಲಿಸಿದ್ದರು ಹೇಳಿ?

ಮೇಷ್ಟ್ರು ನಿಟ್ಟುಸಿರು ಬಿಟ್ಟು, "ಈ ಮಗೀಗೆ ಮಗ್ಗಿ ಹೇಳಿಕೊಟ್ಟಿದ್ದು ಯಾರು?" ಅಂದರು.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೂಗಿದ. "ನಮ್ಮ ದೇವಕಿ ಟೀಚರಮ್ಮ ಸಾರ್!"

ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಬಾಗಿಲಿನಾಚೆ ನಿಂತವರೂ ನಕ್ಕರು. ಅಪ್ಪ ತಲೆ ತಗ್ಗಿಸಿದರು. ಮೇಷ್ಟ್ರು ನನ್ನನ್ನು ನೋಡಿದ ಆ ನೋಟ ಇದೆಯಲ್ಲ, ಇಷ್ಟು ದಿನ ಜಂಬ ಕೊಚ್ಚಿದ್ದು ಇದಕ್ಕೇನಾ ಅನ್ನುವ ನೋಟ, ಅದು ನನಗೆ ಬೆತ್ತದ ಏಟಿಗಿಂತ ಜೋರಾಗಿ ತಾಗಿತು. ಕಿವಿ ಕಾದವು. ಆಣೆ ಮರೆತುಹೋಯಿತು, ಹಡಗು ಮರೆತುಹೋಯಿತು, ಕಾವೇರಮ್ಮನೂ ಮರೆತುಹೋದಳು. ನನ್ನ ಶಿಷ್ಯೆಗೆ ಮಗ್ಗಿ ಬರುವುದಿಲ್ಲ ಅಂತ ಈ ಹುಡುಗರು ನಗುವುದೇ? ನಾನು ಬೆಂಚಿನ ಮೇಲೆ ಹತ್ತಿ ನಿಂತೆ.

"ಅವ್ಳಿಗೆ ಗೊತ್ತುಟ್ಟು! ಎಲ್ಲಾ ಗೊತ್ತುಟ್ಟು!" ಅಂತ ಕಿರಿಚಿದೆ. ಕಿರಿಚಿದವಳು ಅಷ್ಟಕ್ಕೇ ನಿಲ್ಲಿಸಿದೆನೇ? ಮೇಷ್ಟ್ರ ಹಾಗೆ ಕೈ ಮೇಲೆತ್ತಿ ರಾಗ ತೆಗೆದೆ. "ಹದಿನಾರೊಂದ್ಲಾ..."

"ಹದಿನಾರು!" ಅಂತು ಇಡೀ ಶಾಲೆ. ಅದಕ್ಕೆ ಬೇರೆ ಗೊತ್ತೇ ಇರಲಿಲ್ಲ. ಯಾರು ಎತ್ತಿದರೂ ಅದು ಹಿಡಿಯುತ್ತಿತ್ತು.

"ಹದಿನಾರೆರಡ್ಲಾ ಮೂವತ್ತೆರಡು! ಹದಿನಾರು ಮೂರ್ಲಾ ನಲವತ್ತೆಂಟು!"

ಸೂಸನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳ ಬಾಯೊಳಗೆ ಎರಡು ದೇಶಗಳ ವಿದ್ಯಾಭ್ಯಾಸ ಗುದ್ದಾಡುತ್ತಿತ್ತು. ಇಂಗ್ಲೆಂಡಿನ ಮೂರು ವರ್ಷ ಒಂದು ಕಡೆ, ನಮ್ಮ ಕೋಣೆಯ ಒಂದೇ ವರ್ಷ ಇನ್ನೊಂದು ಕಡೆ. ಅರವತ್ನಾಲ್ಕರ ಹತ್ತಿರ ಅವಳ ಕಾಲು ತಾಳ ಹಾಕತೊಡಗಿತು. ಎಂಬತ್ತರ ಹತ್ತಿರ ಕ್ಲಾಸಿನ ಜೊತೆ ತಲೆ ಆಡಿತು. ತೊಂಬತ್ತಾರಕ್ಕೆ ಕೈ ಜಾರಿತು, ತುಟಿ ಬಿಟ್ಟಿತು. ಮೇಷ್ಟ್ರಿಗೆ ಅದು ಕಂಡಿತು. ಥಟ್ಟನೆ ಕೈ ಎತ್ತಿ ಕ್ಲಾಸನ್ನು ನಿಲ್ಲಿಸಿಬಿಟ್ಟರು. ನಾವೆಲ್ಲ ನಿಂತೆವು. ಅವಳೊಬ್ಬಳಿಗೆ ನಿಲ್ಲಲಾಗಲಿಲ್ಲ.

"ಹದಿನಾರೇಳ್ಲಾ ನೂರ ಹನ್ನೆರಡು" ಅಂತ ಸೂಸನ್‌ಳ ಒಂಟಿ ಗಂಟಲು ಹೋಗಿಯೇ ಹೋಯಿತು, ಇಳಿಜಾರಿನಲ್ಲಿ ಬಿಟ್ಟ ಗಾಡಿಯ ಹಾಗೆ. ಕಣ್ಣಲ್ಲಿ ನೀರು ಸುರಿಯುತ್ತಿದೆ, ಬಾಯಿ ಮಗ್ಗಿ ಹೇಳುತ್ತಿದೆ. ನೂರ ಇಪ್ಪತ್ತೆಂಟು, ನೂರ ನಲವತ್ನಾಲ್ಕು, ಹದಿನಾರು ಹತ್ಲಾ ನೂರ ಅರವತ್ತು. ಒಂದು ತಪ್ಪಿಲ್ಲ.

"ಭಲೇ!" ಅಂತ ಮೇಷ್ಟ್ರು ಟೋಪಿ ಸರಿಮಾಡಿಕೊಂಡರು. ದೊರೆ ಕಾನೂನೆಲ್ಲ ಮರೆತು ಚಪ್ಪಾಳೆ ಹೊಡೆದರು. ದೊರೆಸಾನಿ ಮಗಳನ್ನು ತಬ್ಬಿಕೊಂಡು, ಪಾಸಾದ ಸಂತೋಷಕ್ಕೆ ಅಳುತ್ತಿದ್ದಾಳೆ ಅಂತ ಎಲ್ಲರಿಗೂ ಹೇಳಿದರು. ಮೇಷ್ಟ್ರು ಅಲ್ಲೇ ಸರ್ಟಿಫಿಕೇಟು ಬರೆದು ಊದಿ ಊದಿ ಸೀಲು ಒತ್ತಿದರು. ಬಾಗಿಲಿನಾಚೆ ಅಪ್ಪ ಪಕ್ಕದವರಿಗೆ "ನಮ್ಮ ಗೂಡೆ, ಹೇಳಿಕೊಟ್ಟದ್ದು ನಮ್ಮ ಗೂಡೆ" ಅನ್ನುತ್ತಿದ್ದರು. ಗೂಡೆ ಅಂದರೆ ಹುಡುಗಿ, ಅಂದರೆ ನಾನು. ಅಪ್ಪ ನನ್ನ ಬಗ್ಗೆ ಹಾಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನಾನು ಇನ್ನೂ ಬೆಂಚಿನ ಮೇಲೆಯೇ ನಿಂತಿದ್ದೆ. ಆ ಹೊತ್ತಿನಷ್ಟು ಜಂಬ ನನಗೆ ಆಮೇಲೆ ಯಾವತ್ತೂ ಆಗಿಲ್ಲ, ಮದುವೆಯ ದಿನವೂ ಆಗಲಿಲ್ಲ.

ಪಾಸಾದವರು ಕ್ಲಾಸಿಗೆಲ್ಲ ಕಲ್ಲುಸಕ್ಕರೆ ಹಂಚಬೇಕು, ಅದು ನಮ್ಮ ಶಾಲೆಯ ಪದ್ಧತಿ. ದೊರೆಸಾನಿ ಅಜ್ಜಿಯ ಕೈಯಲ್ಲಿ ಮೊದಲೇ ತಟ್ಟೆ ಕಳಿಸಿದ್ದರು. ಸೂಸನ್ ಒಂದನೇ ಕ್ಲಾಸಿನಿಂದ ಹಂಚುತ್ತಾ ಬಂದಳು. ಯಾರನ್ನೂ ಬಿಡಲಿಲ್ಲ, ಕೂಗಿದ ಆ ಹುಡುಗನಿಗೂ ಕೊಟ್ಟಳು. ಕೊನೆಗೆ ನನ್ನ ಮುಂದೆ ಬಂದು ನಿಂತು, ಯಾರಿಗೂ ಕೇಳದ ಹಾಗೆ ಮೆಲ್ಲಗೆ ಕೇಳಿದಳು.

"ನಾ ಇಲ್ಲಿ ಇರುದು ನಿಂಗೆ ಬೇಡನಾ?"

ಬೇಕು ಅನ್ನಬಹುದಿತ್ತು. ಅದು ನಿಜವೂ ಆಗಿತ್ತು. ನಾನು ಕೈ ಚಾಚಿ ತಟ್ಟೆಯಿಂದ ಒಂದು ದೊಡ್ಡ ಕಲ್ಲುಸಕ್ಕರೆ ಆರಿಸಿ ಬಾಯಿಗೆ ಹಾಕಿಕೊಂಡೆ.